ರಗ್ಬಿಯಲ್ಲಿ ಚೆಂಡು ಹೊರಗೆ ಹೋದ ಮೇಲೆ ಯಾರು ಎಸೆಯಬೇಕು, ಎಲ್ಲಿಂದ ಎಸೆಯಬೇಕು? ಭಾನುವಾರ ನಾನು ಕೊಟ್ಟ ತೀರ್ಪುಗಳ ಬಗ್ಗೆ

ಬಳ್ಳಾರಿ ಪಿಟಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಹುಡುಗರ ಏಳು ಜನರ ರಗ್ಬಿ ಪಂದ್ಯ ಇತ್ತು. ನಮ್ಮ ಕಡೆಯವರು ಕೆಂಪು ಬನಿಯನ್, ಬೇರೆ ಬಡಾವಣೆಯಿಂದ ಬಂದವರು ನೀಲಿ. ರೆಫರಿ ನಾನೇ. ಬಿಸಿಲು ಏರುವ ಮುಂಚೆ ಮುಗಿಸೋಣ ಅಂತ ಆರೂವರೆಗೇ ಶುರು ಮಾಡಿದ್ದೆವು. ಮೈದಾನ ಗೊತ್ತಲ್ಲ, ಹುಲ್ಲು ಇಲ್ಲ, ಪೂರ್ತಿ ಕೆಂಪು ಮಣ್ಣು. ಗೆರೆ ಎಳೆದದ್ದು ಸುಣ್ಣದ ಪುಡಿಯಲ್ಲಿ. ಒಂದು ಪಕ್ಕದ ಗೆರೆಗೆ ಅಂಟಿಕೊಂಡಂತೆ ಬೇವಿನ ಮರ ಇದೆ, ಅದರ ಕೆಳಗೆ ಕಬ್ಬಿನ ಹಾಲಿನ ಗಾಡಿ ನಿಲ್ಲುತ್ತದೆ.

ಮೊದಲನೇ ವಿಷಯ. ಕೊನೆಯ ಎರಡು ನಿಮಿಷ ಇತ್ತು. ನೀಲಿ 12, ಕೆಂಪು 10. ನೀಲಿ ಹುಡುಗ ದೂರಕ್ಕೆ ಒದ್ದ. ಚೆಂಡು ಒಳಗೇ ನೆಲಕ್ಕೆ ಬಿದ್ದು ಪುಟಿದು ಗೆರೆ ದಾಟಿ ಗಾಡಿಯ ಕಡೆ ಉರುಳಿತು. ಗಾಡಿಯಲ್ಲಿ ಕೆಲಸ ಮಾಡುವ ಹುಡುಗ ಅದನ್ನು ಕಾಲಲ್ಲಿ ತಡೆದು ವಾಪಸ್ ತಳ್ಳಿದ. ನಮ್ಮ ವಿಂಗರ್ (ಅಂಚಿನಲ್ಲಿ ಆಡುವವನು) ಓಡಿ ಬಂದು ಎತ್ತಿಕೊಂಡ. ಲೈನ್‌ಔಟ್‌ಗೆ, ಅಂದರೆ ಎಸೆತಕ್ಕಾಗಿ ಎರಡೂ ಕಡೆಯವರು ಅಕ್ಕಪಕ್ಕ ಎರಡು ಸಾಲಾಗಿ ನಿಲ್ಲುವುದಕ್ಕೆ, ಯಾರೂ ಬಂದಿರಲಿಲ್ಲ. ತಕ್ಷಣ ಒಳಗೆ ಎಸೆದ, ಇನ್ನೊಬ್ಬ ಹಿಡಿದು ಓಡಿ ಟ್ರೈ ಹೊಡೆದ, ಅಂದರೆ ಎದುರಿನವರ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿದ, ಅದಕ್ಕೆ ಐದು ಅಂಕ. ನಾನು ಸೀಟಿ ಊದಿ ಟ್ರೈ ಕೊಟ್ಟೆ. ನೀಲಿ ಕಡೆಯ ನಾಯಕ ಬಂದು, "ಸರ್, ಆ ಅಣ್ಣ ಚೆಂಡು ಮುಟ್ಟಿದರಲ್ಲ" ಅಂದ. ನಾನು, "ಅವನು ಆಟಗಾರ ಅಲ್ಲವಲ್ಲಪ್ಪ, ಅದು ಲೆಕ್ಕಕ್ಕಿಲ್ಲ" ಅಂದೆ. ಪಂದ್ಯ 15-12ಕ್ಕೆ ಮುಗಿಯಿತು.

ಎರಡನೇದು. ಅದಕ್ಕೂ ಮುಂಚೆ ಕೆಂಪಿನವನು ಎತ್ತರಕ್ಕೆ ಒದ್ದಿದ್ದ. ನೀಲಿಯ ಹುಡುಗ ಎಡಗಾಲನ್ನು ಸರಿಯಾಗಿ ಸುಣ್ಣದ ಗೆರೆ ಮೇಲೆ ಇಟ್ಟು, ಒಳಕ್ಕೆ ಬಾಗಿ ಚೆಂಡು ಹಿಡಿದ. ಅವನ ಕಾಲು ಹೊರಗಿದೆ, ಹಾಗಾಗಿ ಚೆಂಡು ಹೊರಗೆ, ಒದ್ದವರು ಕೆಂಪು, ಎಸೆತ ನೀಲಿಗೆ ಅಂತ ಕೊಟ್ಟೆ.

ಮೂರನೇದು. ನಮ್ಮ ವಿಂಗರ್ ಗೆರೆ ಪಕ್ಕದಲ್ಲೇ ಓಡುವಾಗ ಚೆಂಡು ಹಿಡಿದ ಕೈ ಗೆರೆಯ ಆಚೆ ಚಾಚಿತ್ತು. ಕಾಲು ಒಳಗೇ ಇತ್ತು. ಟಚ್ ಜಡ್ಜ್ (ಪಕ್ಕದ ಗೆರೆ ನೋಡಿಕೊಳ್ಳುವವನು) ಆಗಿದ್ದ ಹುಡುಗ ಬಾವುಟ ಎತ್ತಿಬಿಟ್ಟ. ನಾನು ಆಟ ಮುಂದುವರಿಸಿ ಅಂದೆ.

ನಾಲ್ಕನೇದು ಬೇವಿನ ಕೊಂಬೆ. ಒಂದು ಕೊಂಬೆ ಮೈದಾನದ ಒಳಕ್ಕೇ ಚಾಚಿದೆ. ಚೆಂಡು ಅದಕ್ಕೆ ತಗುಲಿ ಒಳಗೇ ಬಿತ್ತು. ನಾನು ಏನೂ ಹೇಳದೆ ಆಡಿಸಿದೆ.

ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಆ ನೀಲಿ ನಾಯಕನ ಮುಖ ಕಣ್ಣ ಮುಂದೆ ಬರುತ್ತಿದೆ. ತಿಳಿದವರು ಹೇಳಿ. ನಾನು ತಪ್ಪಿದ್ದರೆ ಮುಚ್ಚಿಟ್ಟುಕೊಳ್ಳುವುದಿಲ್ಲ.

ಸಿಂಧನೂರು ಸೀಟಿ

ಮೇಷ್ಟ್ರೇ, ನಾನು ರೆಫರಿ ಕೋರ್ಸ್ ಮಾಡಿಕೊಂಡಿದ್ದೇನೆ. ನಮ್ಮ ಕಡೆ ಹುಡುಗರ ಪಂದ್ಯಗಳಿಗೆ ಸೀಟಿ ಊದುತ್ತೇನೆ. ನಿಮ್ಮ ನಾಲ್ಕೂ ಪ್ರಶ್ನೆಗಳು ವರ್ಲ್ಡ್ ರಗ್ಬಿ ನಿಯಮಗಳಲ್ಲಿ 18ನೇ ನಿಯಮದ ಒಳಗೆ ಬರುತ್ತವೆ. ಟಚ್ (ಚೆಂಡು ಹೊರಗೆ ಹೋಗುವುದು), ಕ್ವಿಕ್ ಥ್ರೋ (ಲೈನ್‌ಔಟ್‌ಗೆ ಕಾಯದೆ ತಕ್ಷಣ ಎಸೆಯುವುದು), ಲೈನ್‌ಔಟ್ ಮೂರೂ ಅದರಲ್ಲೇ ಇವೆ.

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟ್ರೈ ಕೊಡಬಾರದಿತ್ತು. ಚೆಂಡು ಹೊರಗೆ ಹೋದ ಮೇಲೆ ಅದನ್ನು ಎಸೆಯುವವನು ಬಿಟ್ಟು ಬೇರೆ ಯಾರಾದರೂ ಮುಟ್ಟಿದರೆ ಕ್ವಿಕ್ ಥ್ರೋ ಇಲ್ಲ. ಇದಕ್ಕೆ ಒಂದೇ ವಿನಾಯಿತಿ. ಎದುರು ತಂಡದ ಆಟಗಾರ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋಗಿದ್ದರೆ ಅವನ ಮುಟ್ಟುವಿಕೆ ಲೆಕ್ಕಕ್ಕೆ ಬರುವುದಿಲ್ಲ. ಅವನು ಚೆಂಡನ್ನು ಕೂಡಲೇ ಬಿಡಬೇಕು, ಬಿಡದಿದ್ದರೆ ಪೆನಾಲ್ಟಿ. "ಬೇರೆ ಯಾರಾದರೂ" ಅಂದರೆ ಆಟಗಾರ ಮಾತ್ರ ಅಲ್ಲ. ನೋಡಲು ಬಂದವರು, ನೀರು ಕೊಡುವ ಹುಡುಗ, ಗಾಡಿಯವನು, ಎಲ್ಲರೂ ಅದರಲ್ಲಿ ಸೇರುತ್ತಾರೆ.

ಕ್ವಿಕ್ ಥ್ರೋಗೆ ಇನ್ನೆರಡು ಅಡ್ಡಿ ಇವೆ. ಲೈನ್‌ಔಟ್ ಆಗಲೇ ಕೂಡಿದ್ದರೆ ಆಗದು. ಹೊರಗೆ ಹೋದ ಚೆಂಡು ಬಿಟ್ಟು ಬೇರೆ ಚೆಂಡು ತಂದರೂ ಆಗದು.

ಆದರೆ ಇಲ್ಲೊಂದು ಮಾತು. ನೀವು ಕ್ವಿಕ್ ಥ್ರೋ ತಡೆದಿದ್ದರೆ ನಿಮ್ಮ ಹುಡುಗರಿಗೆ ಚೆಂಡೇನೂ ಕೈತಪ್ಪುತ್ತಿರಲಿಲ್ಲ. ಸೀಟಿ ಊದಿ, ಅದೇ ಜಾಗದಲ್ಲಿ ಕೆಂಪಿಗೇ ಲೈನ್‌ಔಟ್ ಕೊಡಬೇಕಿತ್ತು. ಎದುರಿನವರಿಗೆ ಬಂದು ನಿಲ್ಲಲು ಸಮಯ ಸಿಗುತ್ತಿತ್ತು, ಅಷ್ಟೇ ವ್ಯತ್ಯಾಸ. ಎರಡು ನಿಮಿಷ ಉಳಿದಾಗ ಆ ವ್ಯತ್ಯಾಸ ದೊಡ್ಡದು ಅನ್ನುವುದು ಬೇರೆ ಮಾತು.

ಉಳಿದ ಮೂರಕ್ಕೆ ರಾತ್ರಿ ಬರೆಯುತ್ತೇನೆ. ಗದ್ದೆಗೆ ನೀರು ಬಿಡುವುದಿದೆ.

ಕಂಪ್ಲಿ ವಿಂಗರ್

ಸರ್, ನನಗೆ ಅರ್ಥ ಆಗದೇ ಇರುವುದು ಒಂದೇ. ಗಾಡಿ ಹುಡುಗ ಚೆಂಡನ್ನು ವಾಪಸ್ ಕೊಟ್ಟದ್ದು ಒಳ್ಳೆಯ ಮನಸ್ಸಿನಿಂದ. ಅವನಿಗೆ ಯಾವ ತಂಡವೂ ಬೇಕಿಲ್ಲ. ಅದರಿಂದ ಆಟಕ್ಕೆ ಏನು ಕೆಟ್ಟಿತು? ನಿಯಮ ಯಾಕೆ ಇಷ್ಟು ಬಿಗಿ?

ಗಂಗಾವತಿ ಕಬಡ್ಡಿ

ನನಗೆ ಅರ್ಥ ಆಗುತ್ತದೆ ತಮ್ಮಾ. ಯೋಚನೆ ಮಾಡು. ಚೆಂಡು ಹೊರಗೆ ಹೋದಾಗ ರಕ್ಷಣೆಗೆ ನಿಂತವರಿಗೆ ಉಸಿರಾಡಲು ಸಿಗುವುದು ಚೆಂಡು ಉರುಳಿ ಹೋಗುವಷ್ಟು ಹೊತ್ತು ಮಾತ್ರ. ನೀನು ದೂರಕ್ಕೆ ಒದ್ದರೆ, ಅಟ್ಟಿಕೊಂಡು ಹೋಗಿ ಚೆಂಡು ತರುವ ಕೆಲಸ ಎದುರಿನವನದು. ಯಾರೋ ಮೂರನೆಯವನು ತಡೆದು ಕೈಗಿಟ್ಟರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ನಾಳೆ ನಮ್ಮೂರಿನ ಪಂದ್ಯಕ್ಕೆ ನಮ್ಮ ಹುಡುಗರೇ ಗೆರೆಯ ಉದ್ದಕ್ಕೂ ನಿಂತು, ನಮ್ಮವರಿಗೆ ಬೇಗ ಬೇಗ, ಎದುರಿನವರಿಗೆ ನಿಧಾನಕ್ಕೆ ಚೆಂಡು ಕೊಟ್ಟರೆ? ಒಳ್ಳೆಯ ಮನಸ್ಸು ಕೆಟ್ಟ ಮನಸ್ಸು ಅಂತ ರೆಫರಿ ಅಳೆಯುತ್ತಾ ಕೂರುವುದಕ್ಕೆ ಆಗುತ್ತಾ? ಮುಟ್ಟಿದರೋ ಇಲ್ಲವೋ, ಅಷ್ಟು ನೋಡುವುದೇ ಸರಿ.

ನಾನು ಕಬಡ್ಡಿ ಆಡಿ ಬೆಳೆದವನು. ಗೆರೆ ವಿಚಾರದಲ್ಲಿ ಜಗಳ ಆಗದ ಪಂದ್ಯ ನೋಡಿಲ್ಲ.

ಹೊಸಪೇಟೆ ರಸ್ತೆ

ಮೇಷ್ಟ್ರೇ, ಒಂದು ವಿಷಯ ಕೇಳಿ ಸಮಾಧಾನ ಮಾಡಿಕೊಳ್ಳಿ. ನಿಮ್ಮಂಥದ್ದೇ ತಪ್ಪು ಅಂತರರಾಷ್ಟ್ರೀಯ ಪಂದ್ಯದಲ್ಲೂ ಆಗಿದೆ. 2011ರ ಸಿಕ್ಸ್ ನೇಷನ್ಸ್ (ಯುರೋಪಿನ ಆರು ತಂಡಗಳ ಪಂದ್ಯಾವಳಿ), ಕಾರ್ಡಿಫ್‌ನಲ್ಲಿ ವೇಲ್ಸ್ ಮತ್ತು ಐರ್ಲೆಂಡ್ ಪಂದ್ಯ. ಐರ್ಲೆಂಡ್‌ನವರು ಚೆಂಡನ್ನು ಹೊರಗೆ ಒದ್ದರು. ವೇಲ್ಸ್ ಆಟಗಾರನ ಕೈಗೆ ಬಾಲ್ ಬಾಯ್ ಬೇರೆ ಚೆಂಡು ಕೊಟ್ಟ. ಅವನು ಅದನ್ನೇ ಕ್ವಿಕ್ ಥ್ರೋ ಮಾಡಿದ. ವೇಲ್ಸ್‌ನ ಮೈಕ್ ಫಿಲಿಪ್ಸ್ ಹಿಡಿದು ಮೂಲೆಗೆ ಓಡಿ ಟ್ರೈ ಹೊಡೆದರು. ಐರ್ಲೆಂಡ್ ಆಟಗಾರರು ಅಲ್ಲೇ ಗಲಾಟೆ ಮಾಡಿದರು. ರೆಫರಿ ಸುಮ್ನೆ ಕೊಡಲಿಲ್ಲ, ಗೆರೆ ಪಕ್ಕದಲ್ಲಿದ್ದ ಸಹಾಯಕನನ್ನು ಅದೇ ಚೆಂಡಾ ಅಂತ ಕೇಳಿದರು. ಹೌದು ಅನ್ನುವ ಉತ್ತರ ಬಂತು. ಟ್ರೈ ಕೊಟ್ಟರು. ವೇಲ್ಸ್ 19-13ಕ್ಕೆ ಗೆದ್ದಿತು.

ಅಷ್ಟು ಕ್ಯಾಮೆರಾ, ಅಷ್ಟು ಜನ ಇದ್ದ ಕಡೆ ಹಾಗಾಯಿತು. ನಿಮ್ಮಲ್ಲಿ ಇದ್ದದ್ದು ನೀವೊಬ್ಬರು, ಒಂದು ಸೀಟಿ.

ಬಳ್ಳಾರಿ ಪಿಟಿ ಮೇಷ್ಟ್ರು

ಕೇಳಿ ಸ್ವಲ್ಪ ಹಗುರಾಯಿತು. ಆದರೆ ಅಲ್ಲಿ ರೆಫರಿಗೆ ನಿಯಮ ಗೊತ್ತಿತ್ತು, ಕಣ್ಣಿಗೆ ಕಾಣಲಿಲ್ಲ. ನನಗೆ ಕಣ್ಣಿಗೆ ಕಂಡಿತ್ತು, ನಿಯಮ ಗೊತ್ತಿರಲಿಲ್ಲ. ಎರಡೂ ಒಂದೇ ಅಲ್ಲ. ಹುಡುಗ ಬಂದು ಸರಿಯಾಗಿಯೇ ಕೇಳಿದ್ದ, ನಾನು ಗೊತ್ತಿದ್ದವನ ಹಾಗೆ ಉತ್ತರ ಕೊಟ್ಟೆ.

ಸಿಂಧನೂರು ಸೀಟಿ

ಈಗ ಉಳಿದವು.

ಮೂರನೇದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನೀವು ಪೂರ್ತಿ ಸರಿ. ರಗ್ಬಿಯಲ್ಲಿ ಚೆಂಡು ಗಾಳಿಯಲ್ಲಿ ಗೆರೆ ದಾಟಿದ ಮಾತ್ರಕ್ಕೆ ಹೊರಗೆ ಹೋದಂತಲ್ಲ. ಚೆಂಡು ಅಥವಾ ಚೆಂಡು ಹಿಡಿದವನು ಗೆರೆಯನ್ನೋ, ಗೆರೆಯಾಚೆಯ ನೆಲವನ್ನೋ, ಅಲ್ಲಿರುವ ಬೇರೆ ಏನನ್ನೋ ಮುಟ್ಟಬೇಕು. ನಿಮ್ಮ ವಿಂಗರ್‌ನ ಕಾಲು ಒಳಗಿದ್ದರೆ, ಕೈ ಎಷ್ಟು ಆಚೆ ಚಾಚಿದರೂ ಅವನು ಆಟದಲ್ಲೇ ಇದ್ದಾನೆ. ಹುಡುಗ ಬಾವುಟ ಎತ್ತಿದ್ದು ಫುಟ್‌ಬಾಲ್ ಅಭ್ಯಾಸ ಇರಬೇಕು. ಫುಟ್‌ಬಾಲ್‌ನಲ್ಲಿ ಚೆಂಡು ಇಡಿಯಾಗಿ ಇಡೀ ಗೆರೆ ದಾಟಬೇಕು, ಗೆರೆ ಒಳಗಿನದು. ರಗ್ಬಿಯಲ್ಲಿ ಗೆರೆಯೇ ಹೊರಗಿನದು. ಶೂ ತುದಿ ಸುಣ್ಣಕ್ಕೆ ತಗುಲಿದರೂ ಟಚ್. ನಮ್ಮ ಮೈದಾನಗಳಲ್ಲಿ ಇದಕ್ಕೊಂದು ಅನುಕೂಲ ಇದೆ. ಕೆಂಪು ಮಣ್ಣಿನ ಮೇಲೆ ಬಿಳಿ ಪುಡಿ. ಕಾಲಿಟ್ಟರೆ ಪುಡಿ ಕದಡಿ ಗೆರೆಯಲ್ಲಿ ಹೆಜ್ಜೆ ಮೂಡುತ್ತದೆ, ಶೂ ಅಂಚು ಬೆಳ್ಳಗಾಗುತ್ತದೆ. ನಾನು ಎಷ್ಟೋ ಸಲ ಓಡಿ ಹೋಗಿ ಗೆರೆ ನೋಡಿ ತೀರ್ಮಾನ ಮಾಡಿದ್ದೇನೆ.

ಎರಡನೇದು ಸ್ವಲ್ಪ ಗಂಟು. ಗೆರೆಯ ಮೇಲೆ ನೇರವಾಗಿ ಆಕಾಶದವರೆಗೆ ಒಂದು ಗಾಜಿನ ಗೋಡೆ ನಿಂತಿದೆ ಅಂದುಕೊಳ್ಳಿ. ಕಾಲು ಹೊರಗಿಟ್ಟುಕೊಂಡು ಚೆಂಡು ಹಿಡಿದರೆ ಚೆಂಡು ಟಚ್‌ಗೆ ಹೋದದ್ದು ಖಚಿತ. ಪ್ರಶ್ನೆ ಇರುವುದು, ಹೊರಗೆ ಕೊಂಡೊಯ್ದವರು ಯಾರು? ಹಿಡಿಯುವ ಹೊತ್ತಿಗೆ ಚೆಂಡು ಆ ಗೋಡೆಯನ್ನು ಮುಟ್ಟಿದ್ದರೆ, ಹೊರಗೆ ಹಾಕಿದವನು ಒದ್ದವನು. ಮುಟ್ಟಿರದಿದ್ದರೆ ಹೊರಗೆ ತಂದವನು ಹಿಡಿದವನು. ನಿಮ್ಮ ನೀಲಿ ಹುಡುಗ "ಒಳಕ್ಕೆ ಬಾಗಿ" ಹಿಡಿದ ಅಂತ ನೀವೇ ಬರೆದಿದ್ದೀರಿ. ಅಂದರೆ ಚೆಂಡು ಇನ್ನೂ ಗೋಡೆಯ ಈಚೆಗಿತ್ತು. ಹಾಗಾಗಿ ಅವನೇ ಹೊರಗೆ ತಂದಂತೆ. ಎಸೆತ ಕೆಂಪಿಗೆ ಹೋಗಬೇಕಿತ್ತು. ಅಲ್ಲಿ ನಿಮ್ಮ ಹುಡುಗರಿಗೇ ನಷ್ಟ ಆಗಿದೆ.

ಅದೇ ಹುಡುಗ ಹಿಡಿಯದೆ, ಕೈಯಲ್ಲಿ ತಟ್ಟಿ ಒಳಕ್ಕೆ ಹಾಕಿದ್ದರೆ? ಚೆಂಡು ಗೋಡೆ ಮುಟ್ಟಿಲ್ಲವಾದ್ದರಿಂದ ಟಚ್ ಅಲ್ಲ, ಆಟ ಮುಂದುವರಿಯುತ್ತದೆ. ಹಿಡಿಯುವುದಕ್ಕೂ ತಟ್ಟುವುದಕ್ಕೂ ಅಷ್ಟು ವ್ಯತ್ಯಾಸ.

ಕೊಪ್ಪಳ ಓದುಗ ಅಕ್ಕ

ನಾನು ಆಡುವವಳಲ್ಲ. ತಮ್ಮನ ಮಗಳು ಶಾಲೆಯಲ್ಲಿ ಆಡುತ್ತಾಳೆ, ಅವಳ ಪಂದ್ಯ ನೋಡುತ್ತೇನೆ. ಈ ಗಾಜಿನ ಗೋಡೆ ಮಾತು ತುಂಬಾ ಚೆನ್ನಾಗಿ ತಿಳಿಯಿತು ಸರ್. ಕ್ರಿಕೆಟ್‌ನಲ್ಲಿ ಬೌಂಡರಿ ಹತ್ತಿರ ಹಾರಿ, ಗಾಳಿಯಲ್ಲೇ ಚೆಂಡನ್ನು ಒಳಗೆ ತಳ್ಳುತ್ತಾರಲ್ಲ, ಹಾಗೆ ರಗ್ಬಿಯಲ್ಲಿ ಮಾಡಬಹುದಾ?

ಸಿಂಧನೂರು ಸೀಟಿ

ಮಾಡಬಹುದು ಮೇಡಂ. ಒಳಗಿನಿಂದ ನೆಗೆದು, ಹೊರಗೆ ಕಾಲೂರುವ ಮುಂಚೆ ಚೆಂಡನ್ನು ಒಳಕ್ಕೆ ತಟ್ಟಿದರೆ, ಅಥವಾ ಹಿಡಿದು ಒಳಕ್ಕೆ ಬಿಟ್ಟರೆ, ಟಚ್ ಅಲ್ಲ. ಚೆಂಡು ಗೋಡೆ ದಾಟಿದ್ದರೂ ಪರವಾಗಿಲ್ಲ. ಇನ್ನೊಂದು ಇದೆ. ಹೊರಗೆ ನಿಂತವನು ಅಲ್ಲಿಂದಲೇ ನೆಗೆದು, ಗಾಳಿಯಲ್ಲಿ ಹಿಡಿದು, ಮೈದಾನದ ಒಳಗೆ ಇಳಿದರೆ ಅದೂ ಸರಿ. ಹುಡುಗಿಗೆ ಹೇಳಿ. ಗೆರೆ ಹತ್ತಿರ ಹೀಗೆ ನೆಗೆಯುವುದನ್ನು ಅಭ್ಯಾಸ ಮಾಡಿದರೆ ಎದುರಿನವರ ಪೆನಾಲ್ಟಿ ಕಿಕ್ಕನ್ನೂ ಹೊರಗೆ ಹೋಗದಂತೆ ತಡೆಯಬಹುದು.

ಸಂಡೂರು ಹದಿನೈದು

ಪೆನಾಲ್ಟಿ ಅಂದಿರಿ, ಅದನ್ನೇ ಕೇಳಬೇಕು ಅಂತಿದ್ದೆ. ನಮ್ಮ ಹುಡುಗರಿಗೆ ತಲೆಗೆ ಹೋಗದೇ ಇರುವುದು ಇದು. ನಾವೇ ಹೊರಗೆ ಒದ್ದರೆ ಎಸೆತ ನಮಗೇ ಹೇಗೆ ಸಿಗುತ್ತದೆ ಅಂತ ಕೇಳುತ್ತಾರೆ. ನಾನು ಹೇಳಿಕೊಡುವುದು ಹೀಗೆ. ಎದುರಿನವರು ತಪ್ಪು ಮಾಡಿದ್ದಕ್ಕೆ ಪೆನಾಲ್ಟಿ ಸಿಕ್ಕಿದೆ. ಅದನ್ನು ಹೊರಗೆ ಒದ್ದರೆ ಜಾಗವೂ ನಿಮ್ಮದು, ಎಸೆತವೂ ನಿಮ್ಮದು. ಚಿಕ್ಕ ತಪ್ಪಿಗೆ ಸಿಗುವ ಫ್ರೀ ಕಿಕ್ ಆದರೆ ಹಾಗಲ್ಲ, ಹೊರಗೆ ಹೋದರೆ ಎಸೆತ ಎದುರಿನವರಿಗೆ. ಇಷ್ಟು ಹೇಳಿದರೆ ಒಪ್ಪುತ್ತಾರೆ.

ನನ್ನ ನಿಜವಾದ ಪ್ರಶ್ನೆ ಬೇರೆ. ಆಟದ ನಡುವೆ ಒದ್ದಾಗ ಲೈನ್‌ಔಟ್ ಎಲ್ಲಿ ನಿಲ್ಲಿಸಬೇಕು? ಒಬ್ಬರು ಒದ್ದ ಜಾಗದ ನೇರಕ್ಕೆ ಅನ್ನುತ್ತಾರೆ, ಇನ್ನೊಬ್ಬರು ಹೊರಗೆ ಹೋದ ಜಾಗಕ್ಕೆ ಅನ್ನುತ್ತಾರೆ. ಹದಿನೈದು ಜನರ ಪಂದ್ಯ ಆಡಿಸುವಾಗ ಪ್ರತಿ ಸಲ ಹತ್ತು ಜನ ಹತ್ತು ಕಡೆ ಕೈ ತೋರಿಸುತ್ತಾರೆ.

ಸಿಂಧನೂರು ಸೀಟಿ

ಇಬ್ಬರೂ ಅರ್ಧ ಸರಿ. ಇದಕ್ಕೆ ನಾನು ಮನಸ್ಸಲ್ಲೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹೊರಗೆ ಹೋಗುವ ಮುಂಚೆ ಒಳಗೆ ನೆಲಕ್ಕೆ ಬಿತ್ತಾ? ಎಲ್ಲಿಂದ ಒದ್ದರು? ಚೆಂಡು ಆ ಜಾಗಕ್ಕೆ ಹೇಗೆ ಬಂತು? ಮೂರನೇ ಪ್ರಶ್ನೆಯನ್ನೇ ಎಲ್ಲರೂ ಮರೆಯುವುದು.

ಮೇಷ್ಟ್ರ ಊರನ್ನೇ ತೆಗೆದುಕೊಳ್ಳೋಣ. ನಿಮ್ಮ ಗೋಲು ಗುಡ್ಡದ ಕಡೆ, ಎದುರಿನವರದು ರೈಲು ಹಳಿ ಕಡೆ ಇದೆ ಅಂತಿಟ್ಟುಕೊಳ್ಳಿ. ನೀವು ರೈಲಿನ ಕಡೆಗೆ ಒದೆಯುತ್ತಿದ್ದೀರಿ. ಚೆಂಡು ಒಳಗೆ ನೆಲಕ್ಕೆ ಬಿದ್ದು ಪುಟಿದು ಹೊರಗೆ ಹೋದರೆ, ಎಲ್ಲಿಂದ ಒದ್ದರೂ ಸರಿ, ಲೈನ್‌ಔಟ್ ಹೊರಗೆ ಹೋದ ಜಾಗದಲ್ಲಿ. ಅಷ್ಟೂ ದೂರ ನಿಮಗೆ ಲಾಭ. ಎಸೆತ ಎದುರಿನವರಿಗೆ.

ನೆಲಕ್ಕೆ ಬೀಳದೆ ನೇರ ಹೊರಗೆ ಹೋದರೆ ಆಗ ಎರಡನೇ ಪ್ರಶ್ನೆ. ನಿಮ್ಮ 22 ಮೀಟರ್ ಗೆರೆಯ (ಗೋಲು ಗೆರೆಯಿಂದ 22 ಮೀಟರ್ ದೂರ ಎಳೆದ ಗೆರೆ) ಒಳಗೆ, ಗುಡ್ಡದ ಕಡೆ ನಿಂತು ಒದ್ದಿದ್ದರೆ ಹೊರಗೆ ಹೋದ ಜಾಗದಲ್ಲೇ ಲೈನ್‌ಔಟ್. ಆ ಗೆರೆಯಿಂದ ಮುಂದೆ ನಿಂತು ಒದ್ದಿದ್ದರೆ ಲಾಭವಿಲ್ಲ, ಒದ್ದ ಜಾಗದ ನೇರಕ್ಕೆ ಹಿಂದೆ ಬರಬೇಕು. ಸುಮ್ನೆ ಎಲ್ಲಿಂದ ಬೇಕಾದರೂ ಆಕಾಶಕ್ಕೆ ಒದ್ದು ಹೊರಗೆ ಹಾಕಿ ಆಟ ಕೊಲ್ಲಬಾರದು ಅಂತ ಈ ಕಟ್ಟು. ತನ್ನ ಮನೆ ಬಾಗಿಲಲ್ಲಿ ಒತ್ತಡದಲ್ಲಿ ಇರುವವನಿಗೆ ಮಾತ್ರ ವಿನಾಯಿತಿ.

ಈಗ ಮೂರನೇದು. ಚೆಂಡು 22ರ ಹೊರಗಿತ್ತು. ನಿಮ್ಮವನೇ ಹಿಂದಕ್ಕೆ ಪಾಸ್ ಮಾಡಿದ. 22ರ ಒಳಗಿದ್ದವನು ಹಿಡಿದು ನೇರ ಹೊರಗೆ ಒದ್ದ. ನಿಂತದ್ದು ಒಳಗೇ. ಆದರೂ ಲಾಭವಿಲ್ಲ, ಯಾಕೆಂದರೆ ಚೆಂಡನ್ನು ಒಳಗೆ ತಂದವರು ನೀವೇ. ಲೈನ್‌ಔಟ್ ಒದ್ದ ಜಾಗದ ನೇರಕ್ಕೆ. ಆದರೆ ಒಳಗೆ ತಂದ ಮೇಲೆ ಅಲ್ಲೊಂದು ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು), ರಕ್ (ನೆಲದ ಮೇಲಿನ ಚೆಂಡಿನ ಮೇಲೆ ತಳ್ಳಾಟ) ಅಥವಾ ಮಾಲ್ (ನಿಂತು ಚೆಂಡು ಹಿಡಿದವನ ಸುತ್ತ ತಳ್ಳಾಟ) ಆದರೆ, ಇಲ್ಲವೇ ಎದುರಿನವನು ಚೆಂಡು ಮುಟ್ಟಿದ್ದರೆ, ಲೆಕ್ಕ ಹೊಸದಾಗಿ ಶುರು. ಆಗ ಒದ್ದರೆ ಪೂರ್ತಿ ಲಾಭ.

ಸಂಡೂರು ಹದಿನೈದು

ಸರ್, ಈ ಮೂರನೇ ಪ್ರಶ್ನೆ ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷದಿಂದ ತಪ್ಪು ಆಡಿಸುತ್ತಿದ್ದೇನೆ. ಟಿವಿಯಲ್ಲಿ ಇನ್ನೊಂದು ನೋಡಿದೆ. ತಾವೇ ಒದ್ದು ಹೊರಗೆ ಹಾಕಿ ಎಸೆತವನ್ನೂ ತಾವೇ ತೆಗೆದುಕೊಂಡರು. ಪೆನಾಲ್ಟಿ ಏನೂ ಆಗಿರಲಿಲ್ಲ.

ಹೊಸಪೇಟೆ ರಸ್ತೆ

ಅದು ಫಿಫ್ಟಿ ಟ್ವೆಂಟಿಟೂ ಅಣ್ಣ. ತನ್ನ ಅರ್ಧ ಭಾಗದಿಂದ ಒದ್ದು, ಚೆಂಡು ಒಳಗೆ ನೆಲಕ್ಕೆ ಬಿದ್ದು, ಎದುರಿನವರ 22ರ ಒಳಗೆ ಹೊರಗೆ ಹೋದರೆ, ಒದ್ದವರಿಗೇ ಎಸೆತ. 2021ರ ಆಗಸ್ಟ್‌ನಲ್ಲಿ ಪ್ರಯೋಗ ಅಂತ ತಂದು ಮರುವರ್ಷ ಖಾಯಂ ಮಾಡಿದರು. ರಗ್ಬಿಯ ಇನ್ನೊಂದು ಬಗೆಯಾದ ರಗ್ಬಿ ಲೀಗ್‌ನಲ್ಲಿ ಫಾರ್ಟಿ ಟ್ವೆಂಟಿ ಅಂತ ಇದೇ ರೀತಿಯದು ಮೊದಲೇ ಇತ್ತು. ಇಲ್ಲೂ ಸೀಟಿ ಸರ್ ಹೇಳಿದ ಮೂರನೇ ಪ್ರಶ್ನೆ ಇದೆ. ಎದುರಿನವರ ಅರ್ಧದಲ್ಲಿದ್ದ ಚೆಂಡನ್ನು ಸುಮ್ನೆ ಹಿಂದಕ್ಕೆ ಪಾಸ್ ಮಾಡಿಕೊಂಡು ಒದ್ದರೆ ಇದು ಸಿಗುವುದಿಲ್ಲ.

ಈ ನಿಯಮದ ಹಿಂದಿನ ಲೆಕ್ಕ ನನಗೆ ತುಂಬಾ ಇಷ್ಟ. ಮುಂದೆ ಗೋಡೆಯಂತೆ ಸಾಲು ನಿಂತು ಟ್ಯಾಕಲ್ ಮಾಡುವವರಿಗೆ ಈಗ ಹೆದರಿಕೆ. ಹಿಂದಿನ ಮೂಲೆ ಖಾಲಿ ಬಿಟ್ಟರೆ ಅಲ್ಲಿಗೆ ಒದ್ದುಬಿಡುತ್ತಾರೆ. ಹಾಗಾಗಿ ವಿಂಗರ್‌ಗಳು ಹಿಂದೆ ನಿಲ್ಲಬೇಕು. ಹಿಂದೆ ನಿಂತರೆ ಮುಂದಿನ ಸಾಲು ತೆಳುವಾಗುತ್ತದೆ. ಓಡುವವನಿಗೆ ಜಾಗ ಸಿಗುತ್ತದೆ. ಒದೆಯುವ ನಿಯಮ ಬದಲಿಸಿ ಓಟಕ್ಕೆ ದಾರಿ ಮಾಡಿದರು.

ಕಂಪ್ಲಿ ವಿಂಗರ್

ಕಿಕ್-ಆಫ್‌ನಲ್ಲೇ ಚೆಂಡು ನೇರ ಹೊರಗೆ ಹೋದರೆ? ನಮ್ಮಲ್ಲಿ ಒಬ್ಬರು ಎದುರಿನವರು ಏನು ಬೇಕಾದರೂ ಆರಿಸಿಕೊಳ್ಳಬಹುದು ಅಂತಾರೆ, ಇನ್ನೊಬ್ಬರು ಫ್ರೀ ಕಿಕ್ ಅಂತಾರೆ. ಇದಕ್ಕೇ ಕಳೆದ ಸಲ ಹತ್ತು ನಿಮಿಷ ಆಟ ನಿಂತಿತ್ತು.

ಸಿಂಧನೂರು ಸೀಟಿ

ಒಬ್ಬರು ಹದಿನೈದರ ಆಟ ಹೇಳುತ್ತಿದ್ದಾರೆ, ಇನ್ನೊಬ್ಬರು ಏಳರ ಆಟ. ಹದಿನೈದರಲ್ಲಿ ಎದುರಿನವರಿಗೆ ಆಯ್ಕೆ ಇದೆ: ಮತ್ತೆ ಒದೆಯಲು ಹೇಳಬಹುದು, ಸ್ಕ್ರಮ್ (ಎರಡೂ ಕಡೆಯವರು ಬಾಗಿ ಹೆಣೆದುಕೊಂಡು ಚೆಂಡಿಗಾಗಿ ತಳ್ಳಾಡುವುದು) ಕೇಳಬಹುದು, ಲೈನ್‌ಔಟ್ ಅಥವಾ ಕ್ವಿಕ್ ಥ್ರೋ ತೆಗೆದುಕೊಳ್ಳಬಹುದು. ಏಳರ ಆಟ ಇರುವುದೇ ಏಳು ಏಳು ನಿಮಿಷದ ಎರಡು ಭಾಗ. ಅಷ್ಟೆಲ್ಲ ಯೋಚಿಸಲು ಸಮಯವಿಲ್ಲ. ನಡುಗೆರೆಯ ಮಧ್ಯದಲ್ಲಿ ಫ್ರೀ ಕಿಕ್, ಅಷ್ಟೇ. ಇನ್ನೊಂದು ವ್ಯತ್ಯಾಸವನ್ನೂ ನೆನಪಿಡು ತಮ್ಮಾ. ಅಂಕ ಆದ ಮೇಲೆ ಹದಿನೈದರಲ್ಲಿ ಅಂಕ ಬಿಟ್ಟುಕೊಟ್ಟವರು ಒದೆಯುತ್ತಾರೆ, ಏಳರಲ್ಲಿ ಅಂಕ ಗಳಿಸಿದವರೇ ಒದೆಯುತ್ತಾರೆ.

ಕೊಪ್ಪಳ ಓದುಗ ಅಕ್ಕ

ಒಂದು ಸಣ್ಣ ಅನುಮಾನ. ಹೊರಗೆ ಹೋದದ್ದಕ್ಕೆ ಟಚ್ ಅಂತ ಯಾಕೆ ಕರೆಯುತ್ತಾರೆ? ಮುಟ್ಟುವುದಕ್ಕೂ ಹೊರಗೆ ಹೋಗುವುದಕ್ಕೂ ಏನು ಸಂಬಂಧ?

ಗಂಗಾವತಿ ಕಬಡ್ಡಿ

ಅಕ್ಕಾ, ಇದನ್ನು ಓದಿ ನನಗೂ ಖುಷಿಯಾಗಿತ್ತು. ಇಂಗ್ಲೆಂಡಿನ ಶಾಲೆಗಳಲ್ಲಿ ಹಳೆಯ ಕಾಲದಲ್ಲಿ ಆಡುವಾಗ, ಚೆಂಡು ಹೊರಗೆ ಹೋದರೆ ಎರಡೂ ಕಡೆಯವರು ಅದರ ಹಿಂದೆ ಓಡುತ್ತಿದ್ದರು. ಮೊದಲು ಮುಟ್ಟಿದವನಿಗೆ ಎಸೆಯುವ ಹಕ್ಕು. ಅದರಿಂದ ಆ ಜಾಗಕ್ಕೇ ಟಚ್ ಅನ್ನುವ ಹೆಸರು ಬಂತು. ಮೇಷ್ಟ್ರ ಪಂದ್ಯದಲ್ಲಿ ಜಗಳ ಆದದ್ದೂ ಮೊದಲು ಯಾರು ಮುಟ್ಟಿದರು ಅನ್ನುವುದಕ್ಕೇ ನೋಡಿ.

ಈ ಆಟ ನಮ್ಮದಲ್ಲ ಅನ್ನುವವರಿಗೆ ನಾನು ಇನ್ನೊಂದು ಹೇಳುತ್ತಿರುತ್ತೇನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಆಡುವ ಕಪ್‌ನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದಲ್ಲಿದ್ದ ರಗ್ಬಿ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಲ್ಲಿ ತೆಗೆದು, ಕರಗಿಸಿ, ಆ ಕಪ್ ಮಾಡಿಸಿದರು. 270 ರೂಪಾಯಿ. ಹಿಡಿಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ.

ಬಳ್ಳಾರಿ ಪಿಟಿ ಮೇಷ್ಟ್ರು

ಬೇವಿನ ಕೊಂಬೆಗೆ ಯಾರೂ ಉತ್ತರ ಕೊಡಲಿಲ್ಲ.

ಸಿಂಧನೂರು ಸೀಟಿ

ಬೇಕೆಂದೇ ಕೊನೆಗೆ ಇಟ್ಟುಕೊಂಡೆ ಮೇಷ್ಟ್ರೇ. ಪುಸ್ತಕದಲ್ಲಿ ಮರದ ಮಾತಿಲ್ಲ. ಗೆರೆಯ ಮೇಲೆ ಅಥವಾ ಆಚೆ ಇರುವ ಯಾವುದನ್ನು ಮುಟ್ಟಿದರೂ ಟಚ್ ಅನ್ನುತ್ತದೆ. ಬುಡ ಹೊರಗಿದೆ, ಕೊಂಬೆ ಒಳಗಿದೆ. ನನ್ನ ಅಭಿಪ್ರಾಯದಲ್ಲಿ ಮರ ಹೊರಗಿನದು, ಹಾಗಾಗಿ ಅದರ ಕೊಂಬೆಯೂ ಹೊರಗಿನದು, ಟಚ್ ಕೊಡುತ್ತೇನೆ. ಇನ್ನೊಬ್ಬ ರೆಫರಿ ಬೇರೆ ಹೇಳಿದರೆ ಜಗಳ ಆಡುವುದಿಲ್ಲ. ಮುಖ್ಯವಾದದ್ದು, ಆಟ ಶುರುವಾಗುವ ಮುಂಚೆ ಇಬ್ಬರು ನಾಯಕರನ್ನೂ ಮರದ ಕೆಳಗೆ ಕರೆದುಕೊಂಡು ಹೋಗಿ, ಕೊಂಬೆ ತೋರಿಸಿ, ಹೀಗೆ ಕೊಡುತ್ತೇನೆ ಅಂತ ಹೇಳುವುದು. ಅದಕ್ಕಿಂತ ಒಳ್ಳೆಯದು ಗೆರೆಯನ್ನೇ ಒಳಕ್ಕೆ ಎಳೆಯುವುದು. ಮೈದಾನದ ಅಗಲ 70 ಮೀಟರ್ ಮೀರಬಾರದು ಅಂತಿದೆ, ಹುಡುಗರ ಆಟಕ್ಕೆ ಸ್ವಲ್ಪ ಕಡಿಮೆಯಾದರೆ ಏನೂ ಆಗುವುದಿಲ್ಲ.

ಕಂಪ್ಲಿ ವಿಂಗರ್

ಮತ್ತೆ ಭಾನುವಾರದ ಪಂದ್ಯದ ಫಲಿತಾಂಶ? ನೀಲಿಯವರು ಗೆದ್ದಂತೆ ಬರೆಯಬೇಕಾ?

ಸಿಂಧನೂರು ಸೀಟಿ

ಇಲ್ಲ. ಪಂದ್ಯ ನಡೆಯುವಾಗ ಏನಾಯಿತು ಅನ್ನುವುದಕ್ಕೂ ನಿಯಮ ಏನು ಅನ್ನುವುದಕ್ಕೂ ರೆಫರಿಯೇ ಕೊನೆ. ಸೀಟಿ ಊದಿ ಮುಗಿದ ಮೇಲೆ 15-12 ಅಂದರೆ 15-12. ಇಲ್ಲದಿದ್ದರೆ ಯಾವ ಪಂದ್ಯವೂ ಮುಗಿಯುವುದಿಲ್ಲ. ಎರಡನೇ ತೀರ್ಪಿನಲ್ಲಿ ಕೆಂಪಿಗೂ ಅನ್ಯಾಯ ಆಗಿದೆ, ಅದನ್ನು ಯಾವ ಲೆಕ್ಕಕ್ಕೆ ಹಾಕುವುದು?

ಹೊಸಪೇಟೆ ರಸ್ತೆ

ನಿಯಮದ ಪ್ರಕಾರ ಅದು ಸರಿ ಸರ್. ಆದರೆ ಆ ಹುಡುಗನಿಗೆ ಯಾರಾದರೂ "ನೀನು ಹೇಳಿದ್ದೇ ಸರಿ" ಅಂತ ಹೇಳಬೇಕು. ಹೇಳದಿದ್ದರೆ ಮುಂದಿನ ಸಲ ನಿಯಮ ಗೊತ್ತಿದ್ದರೂ ಸುಮ್ಮನಿರುತ್ತಾನೆ. ನಾನು ಹುಡುಗನಾಗಿದ್ದಾಗ ಹಾಗೇ ಸುಮ್ಮನಾದವನು.

ಬಳ್ಳಾರಿ ಪಿಟಿ ಮೇಷ್ಟ್ರು

ಎರಡು ವಾರ ಆಯಿತು. ಆದದ್ದು ಹೇಳುತ್ತೇನೆ.

ಬುಧವಾರ ಸಂಜೆ ನೀಲಿಯವರು ಅಭ್ಯಾಸ ಮಾಡುವಲ್ಲಿಗೆ ಹೋದೆ. ನಾಯಕನನ್ನು ಪಕ್ಕಕ್ಕೆ ಕರೆಯಲಿಲ್ಲ, ಎಲ್ಲರ ಮುಂದೆಯೇ ಹೇಳಿದೆ. "ನೀನು ಹೇಳಿದ್ದು ಸರಿ ಇತ್ತಪ್ಪ, ನನಗೆ ಗೊತ್ತಿರಲಿಲ್ಲ. ಅದು ಲೈನ್‌ಔಟ್ ಆಗಬೇಕಿತ್ತು." ಅವನು ತಲೆ ತಗ್ಗಿಸಿ, "ಇರಲಿ ಬಿಡಿ ಸರ್" ಅಂದ. ಹಿಂದೆ ನಿಂತಿದ್ದ ಇನ್ನೊಬ್ಬ ಮಾತ್ರ, "ಸರ್, ಗೆರೆ ಮೇಲೆ ಕಾಲಿಟ್ಟು ಹಿಡಿದವನು ನಾನೇ, ಅದು ಸರಿನಾ?" ಅಂತ ಕೇಳಿದ. ಅಲ್ಲೇ ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ಗಾಜಿನ ಗೋಡೆ ವಿವರಿಸಿದೆ. ಅರ್ಧ ಗಂಟೆ ಅದೇ ನಡೆಯಿತು. ಒಬ್ಬೊಬ್ಬರೇ ಕಾಲು ಹೊರಗಿಟ್ಟು ಹಿಡಿದು ನೋಡಿದರು, ತಟ್ಟಿ ನೋಡಿದರು, ನೆಗೆದು ನೋಡಿದರು. ನಾನು ಟಚ್, ಟಚ್ ಅಲ್ಲ ಅಂತ ಕೂಗುತ್ತಿದ್ದೆ. ಕೊನೆಕೊನೆಗೆ ನನಗಿಂತ ಮುಂಚೆ ಅವರೇ ಕೂಗುತ್ತಿದ್ದರು.

ನಮ್ಮ ಮೈದಾನದಲ್ಲಿ ಗೆರೆಯನ್ನು ಮರದ ಕಡೆಯಿಂದ ನಾಲ್ಕು ಹೆಜ್ಜೆ ಒಳಕ್ಕೆ ಎಳೆದಿದ್ದೇವೆ. ಈಗ ಕೊಂಬೆ ಪೂರ್ತಿ ಹೊರಗೆ. ಕಬ್ಬಿನ ಹಾಲಿನ ಗಾಡಿಯ ಹುಡುಗನಿಗೂ ಹೇಳಿದೆ. "ಚೆಂಡು ಬಂದರೆ ಮುಟ್ಟಬೇಡ, ಕಾಲಲ್ಲೂ ಮುಟ್ಟಬೇಡ." ಯಾಕೆ ಅಂತ ಕೇಳಿದ. ಅವನಿಗೂ ವಿವರಿಸಿದೆ. ಅವತ್ತು ತನ್ನಿಂದ ಹೀಗಾಯಿತಾ ಅಂತ ಸಪ್ಪಗಾದ. ನಿನ್ನಿಂದ ಅಲ್ಲ, ನನ್ನಿಂದ ಅಂದೆ.

ನಿನ್ನೆ ಮತ್ತೆ ಕೆಂಪು ನೀಲಿ ಪಂದ್ಯ. ಎರಡನೇ ಭಾಗದಲ್ಲಿ ನೀಲಿಯವನು ಒದ್ದ ಚೆಂಡು ಪುಟಿದು ಅದೇ ಕಡೆ ಹೊರಗೆ ಹೋಯಿತು. ಗಾಡಿಯ ಹುಡುಗ ಎರಡೂ ಕೈ ಮೇಲೆತ್ತಿ ಹಿಂದಕ್ಕೆ ಸರಿದ. ಚೆಂಡು ಅವನ ಕಾಲ ಪಕ್ಕದಲ್ಲೇ ಉರುಳಿ ಚರಂಡಿಗೆ ಬಿತ್ತು. ನಮ್ಮ ವಿಂಗರ್ ಬಗ್ಗಿ ಚೆಂಡು ಎತ್ತಿ, ಬನಿಯನ್‌ಗೆ ಒರೆಸಿಕೊಂಡು ತಿರುಗುವ ಹೊತ್ತಿಗೆ ಎರಡೂ ಕಡೆಯಿಂದ ಇಬ್ಬಿಬ್ಬರು ಬಂದು ನಿಂತಿದ್ದರು. ಲೈನ್‌ಔಟ್ ಕೂಡಿಬಿಟ್ಟಿತ್ತು. ಅವನು ನನ್ನ ಕಡೆ ನೋಡಿದ. ನಾನು ಇಲ್ಲ ಅಂತ ತಲೆಯಾಡಿಸಿದೆ. ಸಾಲಿನ ನಡುವೆ ಒಂದು ಮೀಟರ್ ಬಿಡಿಸಿ, ನೇರ ಎಸೆಯಪ್ಪ ಅಂದೆ. ಎಸೆದ.